ಬೆರಳು ಹೋದದ್ದು ಗಮನ ತಪ್ಪಿದ್ದರಿಂದಲ್ಲ

ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪಿನಲ್ಲಿ ಹುಡುಗನೊಬ್ಬನ ಬೆರಳು ಹೋದರೆ ಸುತ್ತ ನಿಂತವರು ಆಡುವ ಮೊದಲ ಮಾತು, “ಗಮನ ಎಲ್ಲೋ ಇತ್ತು ಅಂತ ಕಾಣುತ್ತೆ.” ಎರಡನೆಯದು, “ಸ್ವಲ್ಪ ಹುಷಾರಾಗಿರಬೇಕಿತ್ತು.” ಆಸ್ಪತ್ರೆಯ ಬಾಗಿಲಲ್ಲಿ ಅವನ ಅಮ್ಮನಿಗೂ ಇದನ್ನೇ ಹೇಳುತ್ತಾರೆ. ಅವಳೂ ಒಪ್ಪಿಕೊಂಡು, “ಎಷ್ಟು ಹೇಳಿದ್ರೂ ಕೇಳಲ್ಲ ಸಾರ್ ಇವನು” ಎಂದು ಮಾಲೀಕನೆದುರು ತಲೆ ತಗ್ಗಿಸುತ್ತಾಳೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಯಂತ್ರವನ್ನು ಯಾರೂ ಕೈಗೆತ್ತಿಕೊಂಡು ತಿರುಗಿಸಿ ನೋಡುವುದಿಲ್ಲ. ಮಾರನೆಯ ಬೆಳಗ್ಗೆ ಅದೇ ಗ್ರೈಂಡರ್ ಇನ್ನೊಬ್ಬ ಹುಡುಗನ ಕೈಯಲ್ಲಿರುತ್ತದೆ.

ಕರೆಂಟಿನಿಂದ ಓಡುವ ಕೈಯಂತ್ರಗಳ ಅಪಘಾತಕ್ಕೆ ಕೆಲಸಗಾರನ ಅಜಾಗರೂಕತೆಯೇ ಕಾರಣ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರುಬಿಟ್ಟಿದೆ ಎಂದರೆ, ಅದೊಂದು ನಂಬಿಕೆ ಎಂಬುದೇ ಮರೆತುಹೋಗಿದೆ. ಮೇಸ್ತ್ರಿ, ಕಂಟ್ರಾಕ್ಟರ್, ಹಾರ್ಡ್‌ವೇರ್ ಅಂಗಡಿಯವರು, ಮನೆ ಕಟ್ಟಿಸುವ ನಾವು ಎಲ್ಲರೂ ಅದನ್ನು ಕಣ್ಣಾರೆ ಕಂಡ ಸತ್ಯದಂತೆ ಹೇಳುತ್ತೇವೆ. ಬೆರಳು ಕಳೆದುಕೊಂಡವನೂ ಅದನ್ನೇ ಹೇಳುತ್ತಾನೆ. ನಾನು ಇದನ್ನು ಒಪ್ಪುವುದಿಲ್ಲ. ಈ ಮಾತು ಸುಳ್ಳು ಎನ್ನುವುದು ಒಂದು ಕಾರಣ. ಈ ಮಾತನ್ನು ನಂಬಿದಷ್ಟು ದಿನ ಯಂತ್ರ ಸರಿಹೋಗುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ.

ಊರೂರಿನಲ್ಲೂ ಕಾಣುವ ನಾಲ್ಕಿಂಚಿನ ಗ್ರೈಂಡರನ್ನೇ ನೋಡೋಣ. ಖಾಲಿ ಓಡುವಾಗ ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 100 ಮಿಲಿಮೀಟರ್ ವೀಲಿನ ಅಂಚು ಆಗ ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿರುತ್ತದೆ. ಕೊಯ್ಯುತ್ತಿರುವ ಪೈಪು ತನ್ನ ಭಾರಕ್ಕೇ ಬಗ್ಗಿ ಸೀಳಿನ ಬಾಯಿ ಮುಚ್ಚಿಕೊಂಡರೆ ವೀಲು ಸಿಕ್ಕಿಕೊಳ್ಳುತ್ತದೆ. ಮೋಟಾರಿನ ಬಲವೆಲ್ಲ ಒಮ್ಮೆಗೇ ಯಂತ್ರವನ್ನು ಹಿಡಿದವನ ಕಡೆಗೆ ಎಸೆಯುತ್ತದೆ. ಕೆಲಸಗಾರರು ಇದಕ್ಕೆ ಮೆಷಿನ್ ಒದೆಯಿತು ಅನ್ನುತ್ತಾರೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಚುರುಕಾದ ಮನುಷ್ಯನಿಗೂ ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತು ಬೇಕು. ಅಷ್ಟರಲ್ಲಿ ಈ ವೀಲು ಮೂವತ್ತಾರು ಸುತ್ತು ಮುಗಿಸಿರುತ್ತದೆ. ಗಮನವಿಟ್ಟಿದ್ದವನಿಗೂ ಗಮನವಿಡದವನಿಗೂ ಆ ಕ್ಷಣದಲ್ಲಿ ಏನೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಮಾಡುವುದು ವೀಲಿಗೂ ಕೈಗೂ ನಡುವೆ ಒಂದು ತಗಡಿನ ಗಾರ್ಡ್ ಇದೆಯೋ ಇಲ್ಲವೋ ಎಂಬುದು; ಬದಿಯ ಹಿಡಿಕೆ ಇದೆಯೋ ಇಲ್ಲವೋ, ಕೈ ಬಿಟ್ಟೊಡನೆ ಸ್ವಿಚ್ ತಾನೇ ಆಫ್ ಆಗುತ್ತದೋ ಇಲ್ಲವೋ ಎಂಬುದು.

ಆ ಕೊನೆಯ ಮಾತನ್ನು ಇನ್ನೊಂದಿಷ್ಟು ವಿವರಿಸಬೇಕು. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ಅಗ್ಗದ ಗ್ರೈಂಡರುಗಳಲ್ಲಿ ಇರುವುದು ಜಾರುವ ಸ್ವಿಚ್. ಒಮ್ಮೆ ಮುಂದಕ್ಕೆ ತಳ್ಳಿದರೆ ಅದು ಅಲ್ಲೇ ಕೂರುತ್ತದೆ. ಯಂತ್ರ ಕೈಜಾರಿ ಬಿದ್ದರೂ ವೀಲು ತಿರುಗುತ್ತಲೇ ಇರುತ್ತದೆ, ನೆಲದ ಮೇಲೆ ಕುಣಿಯುತ್ತ ಕಾಲಿನ ಕಡೆಗೆ ಬರುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುವ, ಕೈ ಸಡಿಲವಾದೊಡನೆ ಆಫ್ ಆಗುವ ಪ್ಯಾಡಲ್ ಸ್ವಿಚ್ಚಿನ ಯಂತ್ರಗಳು ಇವೆ, ಬೆಲೆ ಜಾಸ್ತಿ. ಯಾವ ಸ್ವಿಚ್ ಎಂಬುದನ್ನು ನಿರ್ಧರಿಸಿದ್ದು ಯಂತ್ರ ಮಾಡಿದವರು ಮತ್ತು ಕೊಂಡುಕೊಟ್ಟವರು. ಹಿಡಿದು ಕೆಲಸ ಮಾಡುವ ಹುಡುಗನನ್ನು ಆಗ ಯಾರೂ ಕೇಳಿರುವುದಿಲ್ಲ.

ಈಗ ಗಾರ್ಡಿನ ವಿಷಯ. ಯಾವ ವೆಲ್ಡಿಂಗ್ ಶಾಪಿಗಾದರೂ ಹೋಗಿ ಹುಡುಕಿ, ಗಾರ್ಡ್ ಸಿಗುತ್ತದೆ: ಗುಜರಿ ಡಬ್ಬದ ತಳದಲ್ಲಿ, ಗೋಡೆಯ ಮೊಳೆಯಲ್ಲಿ, ಒಮ್ಮೊಮ್ಮೆ ಯಂತ್ರ ಬಂದ ರಟ್ಟಿನ ಪೆಟ್ಟಿಗೆಯಲ್ಲಿ ಹೊಚ್ಚಹೊಸದಾಗಿ. “ಅವನೇ ತೆಗೆದಿಟ್ಟಿದ್ದು ನೋಡಿ” ಎಂದು ಮಾಲೀಕರು ತೋರಿಸುತ್ತಾರೆ. ಯಾಕೆ ತೆಗೆದ ಎಂದು ಕೇಳುವವರು ಕಡಿಮೆ. ಚೌಕ ಪೈಪಿನ ಒಳಮೂಲೆಯ ಬೆಸುಗೆ ಉಜ್ಜುವಾಗ ಗಾರ್ಡ್ ಅಡ್ಡ ಬರುತ್ತದೆ, ನಿಜ. ಅದನ್ನು ತಿರುಗಿಸಿಕೊಳ್ಳಬೇಕಾದರೆ ಸ್ಕ್ರೂ ಸಡಿಲಿಸಬೇಕು, ಮತ್ತೆ ಬಿಗಿ ಮಾಡಬೇಕು. ಒಂದು ಗೇಟಿನಲ್ಲಿ ಇಂಥ ಮೂಲೆಗಳು ಎಷ್ಟೋ ಇರುತ್ತವೆ, ಗೇಟಿನ ರೇಟು ಮಾತ್ರ ಅಡಿ ಲೆಕ್ಕದಲ್ಲಿ ನಿಗದಿಯಾಗಿರುತ್ತದೆ. ಹಾಗಾಗಿ ಒಂದು ಸಲ ಬಿಚ್ಚಿದ ಗಾರ್ಡ್ ಮತ್ತೆ ಕೂರುವುದಿಲ್ಲ. ಸ್ಕ್ರೂ ಮುಟ್ಟದೆ, ಬರಿಯ ಲಿವರ್ ಎತ್ತಿ ಕೈಯಲ್ಲೇ ಗಾರ್ಡ್ ತಿರುಗಿಸಬಹುದಾದ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಗಾರ್ಡಿನಿಂದ ಕೆಲಸ ನಿಧಾನವಾಗುತ್ತದೆ ಎಂಬ ದೂರು ಕೆಟ್ಟ ಗಾರ್ಡಿನ ಮೇಲಿನ ದೂರು. ಅದಕ್ಕೆ ಉತ್ತರ ಒಳ್ಳೆಯ ಗಾರ್ಡು.

ಗಾರ್ಡ್ ಬಿಚ್ಚಲು ಇನ್ನೊಂದು ಕಾರಣವಿದೆ, ನನಗೆ ಹೆಚ್ಚು ಸಿಟ್ಟು ಬರುವುದು ಅದರ ಮೇಲೆ. ಪ್ರತಿ ವೀಲಿನ ಮೇಲೂ ಅದು ತಾಳಬಲ್ಲ ಗರಿಷ್ಠ ವೇಗ ಅಚ್ಚಾಗಿರುತ್ತದೆ. ನಾಲ್ಕಿಂಚಿನದಕ್ಕೆ 15,000ಕ್ಕೂ ಮೇಲೆ, ಐದಿಂಚಿನದಕ್ಕೆ 12,200, ಏಳಿಂಚಿನದಕ್ಕೆ 8,500ರ ಆಸುಪಾಸು. ದೊಡ್ಡ ವೀಲು ಹೆಚ್ಚು ಆಳಕ್ಕೆ ಕೊಯ್ಯುತ್ತದೆ, ಹೆಚ್ಚು ದಿನ ಬಾಳುತ್ತದೆ. ಆದ್ದರಿಂದ ನಾಲ್ಕಿಂಚಿನ ಯಂತ್ರಕ್ಕೆ ದೊಡ್ಡ ವೀಲು ಸಿಕ್ಕಿಸುವ ಚಾಳಿ ಬೆಳೆದಿದೆ. ಗಾರ್ಡ್ ಇದ್ದರೆ ಅದು ಕೂರುವುದೇ ಇಲ್ಲ. ನಡುವಿನ ತೂತೂ ಹೊಂದುವುದಿಲ್ಲ, ಚಿಕ್ಕದಕ್ಕೆ 16 ಮಿಲಿಮೀಟರ್, ದೊಡ್ಡದಕ್ಕೆ 22. ಅಲ್ಲಿಗೊಂದು ಬುಶ್ ತುರುಕುತ್ತಾರೆ. ನಿಮಿಷಕ್ಕೆ 8,500 ಸುತ್ತಿಗೆಂದು ಮಾಡಿದ ಏಳಿಂಚಿನ ವೀಲು 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 370 ಕಿಲೋಮೀಟರ್ ಮುಟ್ಟುತ್ತದೆ. ವೀಲನ್ನು ಹೊರಕ್ಕೆ ಸೆಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದು ತಾಳಬೇಕಾದದ್ದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಒತ್ತಡ ಅದರ ಮೇಲೆ ಬಿದ್ದಿರುತ್ತದೆ. ರಾಳದಿಂದ ಅಂಟಿಸಿದ ಮರಳುಕಾಗದದಂಥ ಪದಾರ್ಥ ಅದು. ಒಡೆದರೆ ಚೂರು ಹೋಗುವುದು ಎದುರಿಗಿರುವ ಮುಖಕ್ಕೆ, ಕುತ್ತಿಗೆಗೆ. ಅಲ್ಲಿ ಗಾರ್ಡ್ ಇಲ್ಲ, ಯಾಕೆಂದರೆ ಅದನ್ನು ಬಿಚ್ಚಿಯೇ ಈ ವೀಲು ಹಾಕಿದ್ದು.

ವೀಲಿನ ನಡುವಿನ ಲೋಹದ ಉಂಗುರದ ಮೇಲೆ ಒಂದು ತಿಂಗಳು, ವರ್ಷ ಇರುವುದನ್ನು ಎಷ್ಟು ಜನ ಓದಿದ್ದಾರೆ? ಕೈಯಲ್ಲಿ ಹಿಡಿಯುವ ಯಂತ್ರದ ವೀಲುಗಳಿಗೆ ಯುರೋಪಿನ ಮಾನದಂಡ ಕೊಡುವ ಆಯಸ್ಸು ತಯಾರಾದಂದಿನಿಂದ ಮೂರು ವರ್ಷ. ತೇವ ಕುಡಿದ ರಾಳ ಬಲ ಕಳೆದುಕೊಳ್ಳುತ್ತದೆ ಎಂಬುದೇ ಕಾರಣ. ಮಲೆನಾಡಿನ, ಕರಾವಳಿಯ ಮಳೆಗಾಲವನ್ನು ಅಂಗಡಿಯ ಕಪಾಟಿನಲ್ಲೇ ಕಳೆದ ವೀಲು ಎಷ್ಟು ಗಟ್ಟಿಯಿದ್ದೀತು ಎಂದು ಕೆಲಸಗಾರ ಎಷ್ಟು ಹುಷಾರಾಗಿದ್ದರೂ ಕಣ್ಣಿನಿಂದ ನೋಡಿ ಹೇಳಲಾರ.

ಮರಗೆಲಸಕ್ಕೆ ಬರೋಣ. ಇಂದು ಊರುಗಳಲ್ಲಿ ಪ್ಲೈವುಡ್ ಕೊಯ್ಯಲು ಬಳಸುವ ಯಂತ್ರ ಮರ ಕೊಯ್ಯಲು ಮಾಡಿದ್ದೇ ಅಲ್ಲ. ಅದು ಮಾರ್ಬಲ್ ಕಟರ್. ಕಲ್ಲು, ಟೈಲ್ಸ್ ಕೊಯ್ಯುವ ಹಲ್ಲಿಲ್ಲದ ಡೈಮಂಡ್ ಬ್ಲೇಡಿಗಾಗಿ ಮಾಡಿದ ಯಂತ್ರಕ್ಕೆ ಮೂವತ್ತು ನಲವತ್ತು ಹಲ್ಲಿನ ಮರದ ಬ್ಲೇಡ್ ಹಾಕುತ್ತಾರೆ. ಮರಕ್ಕೆಂದೇ ಮಾಡಿದ ಏಳಿಂಚಿನ ಸರ್ಕ್ಯುಲರ್ ಸಾ ನಿಮಿಷಕ್ಕೆ ಐದು ಸಾವಿರ ಚಿಲ್ಲರೆ ಸುತ್ತು ತಿರುಗುತ್ತದೆ, ಅದರ ಕೆಳಗಿನ ಗಾರ್ಡ್ ಸ್ಪ್ರಿಂಗಿನ ಬಲದಿಂದ ಕೊಯ್ದು ಮುಗಿದೊಡನೆ ಬ್ಲೇಡನ್ನು ತಾನೇ ಮುಚ್ಚುತ್ತದೆ. ಮಾರ್ಬಲ್ ಕಟರ್ ಅದರ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ, ಕೆಳಗೆ ಮುಚ್ಚುವ ಗಾರ್ಡ್ ಅದಕ್ಕೆ ಇಲ್ಲವೇ ಇಲ್ಲ. ಎರಡು ಮೂರು ಸಾವಿರಕ್ಕೆ ಸಿಗುತ್ತದೆ ಎಂಬುದೊಂದೇ ಅದರ ಅರ್ಹತೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಪ್ಲೈವುಡ್ ಹಲಗೆಗೆ ಸೀಳು ಮಾಡಿ, ಕಟರನ್ನು ತಲೆಕೆಳಗಾಗಿ ಅದರ ಅಡಿಗೆ ಸ್ಕ್ರೂ ಹೊಡೆದು, ಬ್ಲೇಡ್ ಮೇಲಕ್ಕೆ ಬರುವಂತೆ ನಿಲ್ಲಿಸಿ, ಎರಡು ಕುರ್ಚಿಗಳ ಮೇಲೆ ಇಟ್ಟರೆ ಅದೇ ಟೇಬಲ್ ಸಾ. ಬ್ಲೇಡಿನ ಹಿಂದೆ, ಕೊಯ್ದ ಸೀಳು ಮುಚ್ಚಿಕೊಳ್ಳದಂತೆ ತಡೆಯುವ ತೆಳು ತಗಡು ಅಲ್ಲಿರುವುದಿಲ್ಲ. ಬ್ಲೇಡಿನ ಮೇಲೆ ಮುಚ್ಚಳ ಇರುವುದಿಲ್ಲ. ಸ್ವಿಚ್ಚನ್ನು ಲಾಕ್ ಮಾಡಿ, ಲಾಕ್ ಕೆಟ್ಟಿದ್ದರೆ ಟೇಪು ಸುತ್ತಿ, ಗೋಡೆಯ ಪ್ಲಗ್ಗಿನಲ್ಲೇ ಆನ್ ಆಫ್ ಮಾಡುತ್ತಾರೆ. ಕೆಲಸಗಾರ ಹಲಗೆಯ ಈಚೆ, ಪ್ಲಗ್ಗು ಕೋಣೆಯ ಆಚೆ. ಕೈ ಸಿಕ್ಕಿದರೆ ನಿಲ್ಲಿಸುವುದಕ್ಕೆ ಇನ್ನೊಬ್ಬ ಓಡಬೇಕು. ಬೆಂಗಳೂರಿನ ಕೋಟ್ಯಂತರ ರೂಪಾಯಿಯ ಫ್ಲ್ಯಾಟುಗಳ ವಾರ್ಡ್‌ರೋಬುಗಳು, ಮಾಡ್ಯುಲರ್ ಅಡುಗೆಮನೆಗಳು ಇಂಥ ಹಲಗೆಗಳ ಮೇಲೆ ಕೊಯ್ದು ಹುಟ್ಟುತ್ತವೆ. ಈ ಹಲಗೆಯ ಮುಂದೆ ನಿಂತವನಿಗೆ ಮೈಯೆಲ್ಲ ಕಣ್ಣಾಗಿರು ಎಂದು ಹೇಳುವುದನ್ನು ಸುರಕ್ಷತೆಯ ಪಾಠ ಎನ್ನಲು ನನಗೆ ಬಾಯಿ ಬರುವುದಿಲ್ಲ. ಬ್ರೇಕಿಲ್ಲದ ಬಸ್ಸು ಕೊಟ್ಟು ಘಾಟಿ ಇಳಿಸು ಎಂದವನು, ಬಸ್ಸು ಕಂದಕಕ್ಕೆ ಬಿದ್ದಾಗ ಡ್ರೈವರನ ಗಮನದ ಬಗ್ಗೆ ಮಾತಾಡಲು ಹಕ್ಕುಳ್ಳವನಲ್ಲ.

ಯಂತ್ರ ಮನುಷ್ಯನ ತಪ್ಪನ್ನು ಕ್ಷಮಿಸುವಂತೆ ಮಾಡಲು ಆಗುವುದಿಲ್ಲ ಎನ್ನುವವರಿಗೆ ಒಂದು ಉದಾಹರಣೆ. ಅಮೆರಿಕದ ಸ್ಟೀವ್ ಗ್ಯಾಸ್ 1999ರಲ್ಲಿ ಟೇಬಲ್ ಸಾಗೆ ಒಂದು ವ್ಯವಸ್ಥೆ ಕಂಡುಹಿಡಿದರು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಗುಲಿದರೆ ಆ ಸಂಕೇತ ಬದಲಾಗುತ್ತದೆ, ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ನುಗ್ಗಿ ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟರಲ್ಲಿ ಬ್ಲೇಡ್ ನಿಂತುಬಿಡುತ್ತದೆ. ಬೆರಳು ಹೋಗುವ ಜಾಗದಲ್ಲಿ ಒಂದು ಗೀರು ಉಳಿಯುತ್ತದೆ. ದೊಡ್ಡ ದೊಡ್ಡ ಕಂಪನಿಗಳ ಬಾಗಿಲು ತಟ್ಟಿದರೂ ಯಾರೂ ಅದನ್ನು ತೆಗೆದುಕೊಳ್ಳಲಿಲ್ಲ, ಕೊನೆಗೆ ಅವರು ‘ಸಾಸ್ಟಾಪ್’ ಎಂಬ ಸ್ವಂತ ಕಂಪನಿಯಿಂದಲೇ ಅದನ್ನು ಮಾರಬೇಕಾಯಿತು. ಅಷ್ಟು ದುಬಾರಿ ಯಂತ್ರ ಹಾವೇರಿಯ ಮರಗೆಲಸದವನಿಗೆ ನಾಳೆಯೇ ಸಿಗಬೇಕು ಎಂದು ನಾನು ಹೇಳುತ್ತಿಲ್ಲ. ಬೆರಳು ಉಳಿಸುವುದು ಯಂತ್ರದ ಕೆಲಸವೂ ಹೌದು ಎಂದು ಒಪ್ಪಿದರೆ ಎಲ್ಲಿಯವರೆಗೆ ಹೋಗಬಹುದು ಎಂದು ತೋರಿಸುತ್ತಿದ್ದೇನೆ.

ಇಷ್ಟು ಹೇಳಿದ ಮೇಲೆ ಹಿರಿಯ ಮೇಸ್ತ್ರಿಗಳು ಒಂದು ಮಾತು ಹೇಳುತ್ತಾರೆ, ಅದನ್ನು ಗೌರವದಿಂದ ಕೇಳಿಸಿಕೊಳ್ಳಬೇಕು. “ಮೂವತ್ತು ವರ್ಷದಿಂದ ಗಾರ್ಡ್ ಇಲ್ಲದೆ ಹಿಡಿದಿದ್ದೀನಿ, ಒಂದು ಗೀರೂ ಆಗಿಲ್ಲ. ಕೈ ಪಳಗಬೇಕು ಅಷ್ಟೆ.” ಅವರ ಕೈ ಪಳಗಿದೆ ಎಂಬುದರಲ್ಲಿ ಸಂಶಯವಿಲ್ಲ. ಯಂತ್ರದ ಸದ್ದು ಬದಲಾದದ್ದರಿಂದಲೇ ವೀಲು ಸಿಕ್ಕಿಕೊಳ್ಳಲಿದೆ ಎಂದು ಅವರಿಗೆ ತಿಳಿಯುತ್ತದೆ, ಕಿಡಿ ಬೀಳುವ ದಿಕ್ಕು ನೋಡಿ ಅವರು ನಿಲ್ಲುವ ಜಾಗ ಬದಲಿಸುತ್ತಾರೆ. ಇದು ದೊಡ್ಡ ವಿದ್ಯೆ. ಆದರೆ ಮೂವತ್ತು ವರ್ಷದ ಹಿಂದೆ ಅವರ ಜೊತೆಗೇ ಕೆಲಸಕ್ಕೆ ಸೇರಿದವರೆಲ್ಲ ಈಗ ಎಲ್ಲಿದ್ದಾರೆ? ಎರಡು ಬೆರಳು ಕಳೆದುಕೊಂಡವನು ಬೀಡಾ ಅಂಗಡಿ ಇಟ್ಟಿರುತ್ತಾನೆ, ಕಣ್ಣಿಗೆ ಚೂರು ಹೊಕ್ಕವನು ವಾಚ್‌ಮನ್ ಆಗಿರುತ್ತಾನೆ. ಶಾಪಿನಲ್ಲಿ ಉಳಿದಿರುವವರು ಉಳಿದವರೇ. ಅವರನ್ನು ಮಾತ್ರ ಎಣಿಸಿ ಪಳಗಿದ ಕೈಗೆ ಏನೂ ಆಗದು ಎಂದು ತೀರ್ಮಾನಿಸಿದರೆ, ಹೊರಗೆ ಹೋದವರನ್ನು ಲೆಕ್ಕದಿಂದಲೇ ತೆಗೆದಂತಾಯಿತು. ಆ ವಿದ್ಯೆ ಬರುವವರೆಗೆ ಹೊಸ ಹುಡುಗ ಹಿಡಿಯುವುದೂ ಅದೇ ಯಂತ್ರವನ್ನು. ಅವನ ಕಲಿಕೆಯ ದಿನಗಳಲ್ಲಿ ಅವನ ಬೆರಳನ್ನು ಕಾಯುವವರು ಯಾರು?

ಹುಷಾರಿನ ವಾದ ಪೂರ್ತಿ ಕುಸಿಯುವ ಜಾಗ ಇನ್ನೊಂದಿದೆ: ಧೂಳು. ಗ್ರಾನೈಟ್ ಕೊಯ್ಯುವಾಗ ಏಳುವ ಬಿಳಿ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರುತ್ತವೆ. ಅವು ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಗಾಯದ ಗುರುತಿನಂತೆ ಅಲ್ಲಿ ಗಂಟುಗಟ್ಟುತ್ತದೆ, ಅದೇ ಸಿಲಿಕೋಸಿಸ್. ಗುಣಪಡಿಸುವ ಔಷಧಿಯಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಈ ಕಾಯಿಲೆ 1940ರ ದಶಕದಲ್ಲೇ ದಾಖಲಾಗಿತ್ತು, ಹೊಸ ಸಂಗತಿಯೇನಲ್ಲ. ಈಚೆಗೆ ಅಡುಗೆಮನೆಯ ಕಟ್ಟೆಗಳಿಗೆ ಬಂದಿರುವ ಕ್ವಾರ್ಟ್ಜ್ ಹಾಸಿನಲ್ಲಿ ಸಿಲಿಕಾ ಶೇ 90ರಷ್ಟಿರುವುದುಂಟು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಣಗಲ್ಲು ಕೊಯ್ಯುವ ಕೆಲಸಗಾರ ಎಷ್ಟೇ ಗಮನವಿಟ್ಟು, ಎಷ್ಟೇ ನೇರವಾಗಿ, ಒಂದು ಗೀರೂ ಆಗದಂತೆ ಕೊಯ್ದರೂ ಆ ಧೂಳನ್ನು ಉಸಿರಾಡಲೇಬೇಕು. ಮುಖಕ್ಕೆ ಸುತ್ತಿದ ಟವೆಲ್ಲು ಅದನ್ನು ತಡೆಯುವುದಿಲ್ಲ. ಬ್ಲೇಡಿನ ಮೇಲೆ ನೀರು ಬೀಳುತ್ತಿರಬೇಕು. ಮಾರ್ಬಲ್ ಕಟರಿಗೆ ನೀರಿನ ಪೈಪು ಜೋಡಿಸಲು ಒಂದು ಸಣ್ಣ ನಳಿಕೆಯೂ ಬರುತ್ತದೆ.

ಆ ನಳಿಕೆಯನ್ನು ಕೆಲಸಗಾರರು ಬಳಸದಿರುವುದಕ್ಕೂ ಕಾರಣವಿದೆ, ಅದೂ ಅಜಾಗರೂಕತೆಯಲ್ಲ. ಅವರಿಗೆ ಶಾಕಿನ ಭಯ. ಸೈಟಿನ ಎಕ್ಸ್‌ಟೆನ್ಷನ್ ವೈರಿಗೆ ಹತ್ತು ಕಡೆ ಟೇಪು, ಪ್ಲಗ್ಗಿನ ಬದಲು ಎರಡು ಬರಿ ವೈರುಗಳನ್ನು ಬೆಂಕಿಕಡ್ಡಿ ಒತ್ತಿ ಸಾಕೆಟ್ಟಿಗೆ ಸಿಕ್ಕಿಸಿರುತ್ತಾರೆ. ಅದರ ಮೇಲೆ ನೀರು. ಹೆದರುವುದು ಸರಿಯೇ. ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಎಂಸಿಬಿ ಇರುವುದು ವೈರು ಸುಡದಿರಲಿ ಎಂದು. 16 ಆಂಪಿಯರಿನ ಎಂಸಿಬಿ ಅಷ್ಟು ಕರೆಂಟು ದಾಟಿದರೆ ಬೀಳುತ್ತದೆ. ಮನುಷ್ಯನ ಹೃದಯ ನಿಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಕಾಗಿಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟು ವಾಪಸ್ ಬರುವಾಗ ಅಷ್ಟು ಕಡಿಮೆಯಾದರೂ, ಅಂದರೆ ಯಾರದೋ ಮೈಯ ಮೂಲಕ ನೆಲಕ್ಕೆ ಹರಿದರೆ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಅದು ಲೈನನ್ನೇ ಕಡಿಯುತ್ತದೆ. ಬೆಲೆ ಸುಮಾರು ಎರಡು ಸಾವಿರ. ಅರ್ಥ್ ಕೊಟ್ಟಿದ್ದೇವೆ ಎಂಬ ಉತ್ತರವೂ ಇಲ್ಲಿ ಸಾಲದು. ಚೌಕದೊಳಗೆ ಚೌಕದ ಗುರುತಿರುವ ಯಂತ್ರಗಳು ಎರಡು ಪದರ ನಿರೋಧಕದವು, ಅವಕ್ಕೆ ಅರ್ಥ್ ವೈರೇ ಇರುವುದಿಲ್ಲ. ಒಳಗೆ ನೀರು ಹೊಕ್ಕರೆ ಆ ಎರಡು ಪದರವನ್ನೂ ನಂಬುವಂತಿಲ್ಲ. ಒಂದು ಮರದ ಬೋರ್ಡಿಗೆ ಆರ್‌ಸಿಸಿಬಿ ಕೂರಿಸಿ ಪ್ರತಿ ಸೈಟಿಗೂ ಒಯ್ದರೆ ನೀರು ಹಾಕಿ ಕಲ್ಲು ಕೊಯ್ಯಬಹುದು, ಪುಪ್ಪುಸವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ. ಕಟ್ಟಡಗಳ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಪಡೆಯುವ ನಮ್ಮ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಟೂಲ್ ಕಿಟ್‌ಗಳನ್ನು ಹಂಚಿದೆ. ಆ ಕಿಟ್ಟಿನಲ್ಲಿ ಮೊದಲು ಇರಬೇಕಾದದ್ದು ಈ ಬೋರ್ಡು.

ಇನ್ನು, ಕೆಲಸಗಾರನದೇ ತಪ್ಪು ಎಂಬ ಮಾತಿಗೆ ಅಂಕಿಸಂಖ್ಯೆಯ ಬಟ್ಟೆ ತೊಡಿಸಿದವರ ವಿಷಯ. ಸುರಕ್ಷತಾ ತರಬೇತಿಗಳಲ್ಲಿ ಇಂದಿಗೂ ಪರದೆಯ ಮೇಲೆ ಬರುವ ಒಂದು ಲೆಕ್ಕವಿದೆ: ಶೇ 88 ಅಪಘಾತಗಳಿಗೆ ಕೆಲಸಗಾರರ ವರ್ತನೆ ಕಾರಣ, ಶೇ 10ಕ್ಕೆ ಯಂತ್ರ ಮತ್ತು ಪರಿಸರ, ಉಳಿದ ಶೇ 2 ತಪ್ಪಿಸಲಾಗದ್ದು. ಇದು 1931ರಲ್ಲಿ ಪುಸ್ತಕವಾಗಿ ಬಂದ ಹರ್ಬರ್ಟ್ ಹೈನ್‌ರಿಚ್ ಅವರ ಲೆಕ್ಕ. ಅವರು ಅಮೆರಿಕದ ಟ್ರಾವೆಲರ್ಸ್ ವಿಮಾ ಕಂಪನಿಯಲ್ಲಿದ್ದವರು. ನೋಡಿದ್ದು 75,000 ಪ್ರಕರಣ. ಆದರೆ ಆ ಪ್ರಕರಣಗಳು ಬಂದದ್ದು ಎಲ್ಲಿಂದ? ವಿಮೆಯ ಕಡತಗಳಿಂದ, ಕಾರ್ಖಾನೆ ಮಾಲೀಕರು ಇಟ್ಟ ದಾಖಲೆಗಳಿಂದ. ಅಪಘಾತವಾದ ದಿನ ವರದಿ ಬರೆಯುವವರು ಸೂಪರ್‌ವೈಸರ್. ಗಾರ್ಡ್ ಇರಲಿಲ್ಲ ಎಂದು ಬರೆದರೆ ಅವರ ತಲೆಗೆ ಬರುತ್ತದೆ, ಕೆಲಸಗಾರ ಗಮನ ಕೊಡಲಿಲ್ಲ ಎಂದು ಬರೆದರೆ ಎಲ್ಲರಿಗೂ ಸುಲಭ. ಆ ಮೂಲ ಕಡತಗಳು ಇಂದು ಯಾರಿಗೂ ಪರೀಕ್ಷಿಸಲು ಸಿಗುವುದಿಲ್ಲ. ಯಂತ್ರದ ಅಪಾಯ ನಿವಾರಿಸದ ಯಾವ ಸುರಕ್ಷತಾ ಕ್ರಮವೂ ಪೂರ್ಣವಲ್ಲ ಎಂದು ಹೈನ್‌ರಿಚ್ ಅವರೇ ಬರೆದಿದ್ದರು. ಆ ಮಾತು ಪರದೆಯ ಮೇಲೆ ಬರುವುದಿಲ್ಲ, 88 ಮಾತ್ರ ಬರುತ್ತದೆ.

ಹೀಗೆ ಜಗಳ ಮಾಡಿದವರಲ್ಲಿ ನಾವು ಮೊದಲಿಗರಲ್ಲ. 1844ರ ಬ್ರಿಟಿಷ್ ಕಾರ್ಖಾನೆ ಕಾಯ್ದೆ ತಿರುಗುವ ಯಂತ್ರಗಳಿಗೆ ಬೇಲಿ ಹಾಕಬೇಕು ಎಂದಾಗ ಗಿರಣಿ ಮಾಲೀಕರು ಅದನ್ನು ವಿರೋಧಿಸಿದರು, 1855ರಲ್ಲಿ ಅದಕ್ಕೆಂದೇ ಸಂಘ ಕಟ್ಟಿದರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತಮ್ಮ ವಾರಪತ್ರಿಕೆಯಲ್ಲಿ ಆ ಸಂಘದ ಮೇಲೆ ಹರಿಹಾಯ್ದರು. ನಮ್ಮ ಸಂಸತ್ತೂ ಒಮ್ಮೆ ಈ ವಿಷಯದಲ್ಲಿ ಸರಿಯಾಗಿ ಯೋಚಿಸಿತ್ತು. ಒಕ್ಕಣೆ ಯಂತ್ರಗಳಿಗೆ ರೈತರ, ಕೂಲಿಗಳ ಕೈ ಸಿಕ್ಕಿ ಹೋಗುತ್ತಿದ್ದಾಗ, ಎಚ್ಚರಿಕೆಯಿಂದಿರಿ ಎಂದು ಹೇಳಿ ಸುಮ್ಮನಾಗದೆ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ಯಂತ್ರ ಮಾಡುವವರನ್ನು, ಮಾರುವವರನ್ನು ಹೊಣೆ ಮಾಡಿತು. ಗ್ರೈಂಡರಿಗೆ, ಕಟರಿಗೆ ಅಂಥ ಯೋಚನೆ ಇನ್ನೂ ಬಂದಿಲ್ಲ.

ಮನೆ ಕಟ್ಟಿಸುವ ನಮ್ಮ ಪಾಲೂ ಇದರಲ್ಲಿದೆ. ಗೃಹಪ್ರವೇಶಕ್ಕೆ ಮುಹೂರ್ತ ಇಡಿಸುತ್ತೇವೆ, ಪತ್ರಿಕೆ ಅಚ್ಚಾಗುತ್ತದೆ, ಆಮೇಲೆ ಟೈಲ್ಸಿನವರಿಗೆ ಫೋನು ಮಾಡುತ್ತೇವೆ. ಮುಹೂರ್ತದ ಹಿಂದಿನ ವಾರ ಆ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೂ ಕಟರ್ ಸದ್ದು ಕೇಳುತ್ತದೆ. ನೇತುಹಾಕಿದ ಒಂದು ಬಲ್ಬು, ಬೆಳಗಿನಿಂದ ಕುಕ್ಕರುಗಾಲಲ್ಲಿ ಕೂತವನ ಜೋಮು ಹಿಡಿದ ಕಾಲು, ಅಂಗಾಲಿನಿಂದ ಒತ್ತಿ ಹಿಡಿದ ಟೈಲ್ಸು, ಅಂಗಾಲಿಗೆ ಎರಡು ಇಂಚು ದೂರದಲ್ಲಿ ಬ್ಲೇಡು. ಟೈಲ್ಸನ್ನು ಕಚ್ಚಿ ಹಿಡಿಯಲು ಒಂದು ಕ್ಲಾಂಪ್ ಸಾಕು. ಆ ಹೊತ್ತಿನಲ್ಲಿ ಯಾರ ಗಮನ ತಾನೇ ನೆಟ್ಟಗಿರುತ್ತದೆ? ಗಮನ ತಪ್ಪುವುದು ಮನುಷ್ಯನ ಮೈಯ ಗುಣ, ದಣಿವಿನ ಫಲ. ಆ ಮೈಯನ್ನು ಆ ಗಂಟೆಯವರೆಗೆ ದಣಿಸಿದ್ದು ನಾವು ಇಟ್ಟ ದಿನಾಂಕ. ತಪ್ಪುವ ಗಮನವನ್ನು ಲೆಕ್ಕಕ್ಕೆ ಹಿಡಿದೇ ಯಂತ್ರವನ್ನೂ ಕೆಲಸದ ಹೊತ್ತನ್ನೂ ಹೊಂದಿಸಬೇಕು.

ಕೈಗವಸು, ಕನ್ನಡಕ ಕೊಟ್ಟಿದ್ದೇವೆ ಎಂದು ಕಂಟ್ರಾಕ್ಟರುಗಳು ಹೇಳುವುದನ್ನೂ ಕೇಳಿದ್ದೇನೆ. ಕನ್ನಡಕ ಸರಿ, ಅದು ಬೇಕೇಬೇಕು. ಆದರೆ ಸಡಿಲ ಬಟ್ಟೆಯ ಕೈಗವಸು ತೊಟ್ಟು ಡ್ರಿಲ್ಲಿಂಗ್ ಮೆಷಿನ್ ಹತ್ತಿರ ಹೋದರೆ ತಿರುಗುವ ಬಿಟ್ಟಿಗೆ ದಾರ ಸುತ್ತಿಕೊಂಡು ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಎಲ್ಲಿ ತೊಡಬೇಕು, ಎಲ್ಲಿ ತೊಡಬಾರದು ಎಂದು ಹೇಳಬೇಕಾದ ಪುಸ್ತಿಕೆ ಪೆಟ್ಟಿಗೆಯಲ್ಲಿದೆ, ಇಂಗ್ಲಿಷಿನಲ್ಲಿ. ರಾಣೆಬೆನ್ನೂರಿನ ಶಾಪಿನ ಹುಡುಗನಿಗೆ ಅದರಿಂದ ಏನು ಉಪಯೋಗ? ಬೆಂಗಳೂರಿನ ಸೈಟಿನಲ್ಲಿರುವ ಬಿಹಾರದ, ಒಡಿಶಾದ ಹುಡುಗರಿಗೂ ಅಷ್ಟೇ. ಕರ್ನಾಟಕದಲ್ಲಿ ಮಾರುವ ಪ್ರತಿ ಯಂತ್ರದ ಮೇಲೆ ವೀಲಿನ ಅಳತೆ, ವೇಗದ ಮಿತಿ, ಗಾರ್ಡಿನ ಸೂಚನೆ ಕನ್ನಡದಲ್ಲಿ, ಚಿತ್ರಸಮೇತ ಇರಬೇಕು ಎಂದು ನಾವು ಪಟ್ಟು ಹಿಡಿಯಬೇಕು. ಅಂಗಡಿಯ ಬೋರ್ಡಿನ ಮೇಲಿನ ಕನ್ನಡಕ್ಕಾಗಿ ನಾವು ಹೋರಾಡಿದ್ದೇವೆ. ಬೆರಳು ಉಳಿಸುವ ಕನ್ನಡಕ್ಕಾಗಿಯೂ ಹೋರಾಡೋಣ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಪ್ರತಿ ಯಂತ್ರವನ್ನೂ ಒರೆಸಿ ಸಾಲಾಗಿ ಇಡುತ್ತೇವೆ. ಗಾರ್ಡ್ ಇದೆಯೇ, ವೈರು ಹರಿದಿದೆಯೇ, ವೀಲು ಬಿಚ್ಚುವ ಸ್ಪ್ಯಾನರ್ ಇದೆಯೇ, ಇಲ್ಲ ಉಳಿಯಿಟ್ಟು ಸುತ್ತಿಗೆಯಲ್ಲಿ ನಟ್ಟು ಹೊಡೆಯುತ್ತಿದ್ದಾರೆಯೇ ಎಂದು ನೋಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಕುಂಕುಮ ಇಡುವ ಮೊದಲು ಗಾರ್ಡ್ ಕೂರಿಸಿದರೆ ಪೂಜೆಗೂ ಮರ್ಯಾದೆ.

ಕಾನೂನು ಏನು ಮಾಡುತ್ತಿದೆ? 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಮು ಯಂತ್ರಗಳಿಗೆ ಭದ್ರವಾದ ರಕ್ಷಣೆ ಇರಬೇಕೆಂದಿತು, ಆದರೆ ಕರೆಂಟ್ ಬಳಸುವ ಕಡೆ 10 ಮಂದಿ ಇದ್ದರೆ ಮಾತ್ರ ಅದು ಕಾರ್ಖಾನೆ. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಮಿತಿಯನ್ನು 20ಕ್ಕೆ ಏರಿಸಿತು. ಮೂರು ನಾಲ್ಕು ಜನರ ವೆಲ್ಡಿಂಗ್ ಶಾಪು ಮೊದಲೂ ಹೊರಗಿತ್ತು, ಈಗ ಇನ್ನೂ ದೂರ ಹೋಯಿತು.

ಪರಿಹಾರದ ಕಾನೂನು ಮಾತ್ರ ಬೇರೆ ದಾರಿ ಹಿಡಿದಿದೆ, ಅದು ನಮ್ಮ ಜನರಿಗೆ ತಿಳಿದಿಲ್ಲ. 1923ರ ಕಾಯ್ದೆಯ 3ನೇ ಕಲಮಿನಂತೆ ಕೆಲಸದ ವೇಳೆ, ಕೆಲಸದ ಕಾರಣದಿಂದ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು. ತಪ್ಪಿಸಿಕೊಳ್ಳಲು ಅವನಿಗಿರುವ ದಾರಿಗಳು ಕೆಲವೇ: ಕೆಲಸಗಾರ ಕುಡಿದಿದ್ದರೆ, ಸುರಕ್ಷತೆಗೆಂದು ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮುರಿದಿದ್ದರೆ, ಸುರಕ್ಷತೆಗೆಂದೇ ಒದಗಿಸಿದ ಗಾರ್ಡನ್ನು ಅದು ಗೊತ್ತಿದ್ದೂ ಬೇಕೆಂದೇ ತೆಗೆದಿದ್ದರೆ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ದಾರಿಗಳೂ ಮುಚ್ಚುತ್ತವೆ. ಈ ಪಟ್ಟಿಯಲ್ಲಿ ಅಜಾಗರೂಕತೆ ಎಂಬ ಪದವಿಲ್ಲ. ಗಮನ ತಪ್ಪಿತ್ತು ಎಂಬ ಕಾರಣಕ್ಕೆ ಪರಿಹಾರ ನಿಲ್ಲಿಸಲು ನೂರು ವರ್ಷದ ಹಿಂದಿನ ಕಾನೂನೂ ಒಪ್ಪಿರಲಿಲ್ಲ, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಒಪ್ಪಿಲ್ಲ. 1923ರ ಕಾಯ್ದೆಯ ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ಶೇ 30 ಹೋಯಿತು ಎಂದಿದೆ; ಒಂದು ಕೈಯ ನಾಲ್ಕು ಬೆರಳಿಗೆ ಶೇ 50. ತಿಂಗಳಿಗೆ 15,000 ರೂಪಾಯಿ ದುಡಿಯುವ 25 ವರ್ಷದವನ ಹೆಬ್ಬೆರಳಿಗೆ ಆ ಲೆಕ್ಕದಲ್ಲಿ ಬರುವುದು ಸುಮಾರು 5 ಲಕ್ಷ 85 ಸಾವಿರ. ಆಸ್ಪತ್ರೆಯ ಬಿಲ್ಲು ಕಟ್ಟಿ, ಕೈಗೆ ಒಂದಿಷ್ಟು ಸಾವಿರ ಇಟ್ಟು, “ನಿಂದೇ ತಪ್ಪಾದ್ರೂ ಮನುಷ್ಯತ್ವಕ್ಕೆ ಕೊಡ್ತಿದ್ದೀನಿ” ಎನ್ನುವ ಮಾಲೀಕರಿಗೆ ಈ ಲೆಕ್ಕ ಗೊತ್ತಿರಬಹುದು. ಹಾಸಿಗೆಯ ಪಕ್ಕ ಕೂತ ಅಮ್ಮನಿಗೆ ಗೊತ್ತಿಲ್ಲ.

ಆ ಹಾಸಿಗೆಯ ಪಕ್ಕಕ್ಕೆ ಒಂದು ಛಾಪಾ ಕಾಗದವೂ ಬರುತ್ತದೆ. ನನ್ನ ಅಜಾಗರೂಕತೆಯಿಂದಲೇ ಹೀಗಾಗಿದೆ, ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂದು ಬರೆದು ತಂದಿರುತ್ತಾರೆ. ಬಲಗೈಗೆ ಬ್ಯಾಂಡೇಜ್ ಇದ್ದರೆ ಎಡಗೈ ಹೆಬ್ಬೆಟ್ಟು ಒತ್ತಿಸುತ್ತಾರೆ. ಅದನ್ನು ಒತ್ತಬೇಡಿ. ಒತ್ತಿಯಾಗಿದ್ದರೂ ಎದೆಗುಂದಬೇಡಿ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಕರಾರೂ ಆ ಮಟ್ಟಿಗೆ ಅನೂರ್ಜಿತ ಎಂದು ಅದೇ 1923ರ ಕಾಯ್ದೆಯ 17ನೇ ಕಲಮು ಹೇಳುತ್ತದೆ, ಹೊಸ ಸಂಹಿತೆಯಲ್ಲೂ ಆ ಮಾತು ಉಳಿದಿದೆ. ಆ ಕಾಗದವನ್ನು ತೆಗೆದುಕೊಂಡು ನೇರವಾಗಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಹೋಗುವಾಗ ಯಂತ್ರದ ಫೋಟೊ ಇರಲಿ, ಗಾರ್ಡ್ ಇಲ್ಲದ ಜಾಗ ಕಾಣುವಂತೆ.